ಪೇಪರ್ ಬಿಟ್ಟವರು ಯಾಕೆ ಬಿಟ್ಟರು?

ಮಾನ್ಯ ಸಂಪಾದಕರೇ,

ಜುಲೈ 1ರ ಪತ್ರಿಕಾ ದಿನಾಚರಣೆಗೆ ಸಕಲೇಶಪುರದಲ್ಲಿ ನಡೆದ ಸಣ್ಣ ಕಾರ್ಯಕ್ರಮಕ್ಕೆ ಪೇಪರ್ ಏಜೆಂಟ್ ಅಂತ ನನ್ನನ್ನೂ ಕರೆದಿದ್ದರು. 1843ರಲ್ಲಿ ಇದೇ ದಿನ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಅವರು ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದರು ಎಂಬಲ್ಲಿಂದ ಭಾಷಣ ಶುರುವಾಯಿತು. ಮುಗಿಯುವ ಹೊತ್ತಿಗೆ, ಇನ್ನು ಹತ್ತು ವರ್ಷದಲ್ಲಿ ಕಾಗದದ ಪೇಪರ್ ಇರೋದೇ ಇಲ್ಲ, ಎಲ್ಲ ಮೊಬೈಲ್‌ನಲ್ಲೇ ಅಂತ ಹೇಳಿ ಭಾಷಣ ಮಾಡಿದವರು ಕೂತರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿಬಿಟ್ಟೆ. ಮನೆಗೆ ಬಂದ ಮೇಲೆ ಅನ್ನಿಸಿತು, ಪೇಪರ್ ಬಿಟ್ಟವರು ಯಾಕೆ ಬಿಟ್ಟರು ಅಂತ ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ? ಲೆಕ್ಕದ ಪುಸ್ತಕ ಇರೋದು ನನ್ನ ಹತ್ತಿರ.

ಅದರಲ್ಲಿ ಹೆಸರು ಹೊಡೆದು ಹಾಕಿದ ಪುಟಗಳು ಜಾಸ್ತಿ ಇರೋದು 2020ರ ಮಾರ್ಚ್, ಏಪ್ರಿಲ್‌ನದು. ಪೇಪರ್ ಮುಟ್ಟಿದರೆ ಕೊರೊನಾ ಬರುತ್ತೆ ಅಂತ ಆಗ ಜನ ಹೆದರಿದ್ದರು. ಗೇಟಿನ ಹತ್ತಿರವೂ ಬರಬೇಡ ಅಂದವರಿದ್ದರು. ಅರ್ಧ ಜನ ಆಮೇಲೆ ವಾಪಸ್ ಬಂದರು, ಉಳಿದವರಿಗೆ ಬೆಳಗ್ಗೆ ಪೇಪರ್ ಇಲ್ಲದೆ ಕಾಫಿ ಕುಡಿಯೋದು ರೂಢಿಯಾಗಿಬಿಟ್ಟಿತ್ತು. ಇನ್ನು ಕೆಲವರು ಪಿಡಿಎಫ್‌ನವರು. ನಾನು ಬಸ್ ಸ್ಟ್ಯಾಂಡಿನಲ್ಲಿ ಬಂಡಲ್‌ನ ದಾರ ಕತ್ತರಿಸಿ ಒಳಗೆ ಪುರವಣಿ ಸೇರಿಸುತ್ತಾ ಕೂತಿರುವಾಗಲೇ ಅದೇ ಪೇಪರ್ ಪೂರ್ತಿಯಾಗಿ ಅವರ ವಾಟ್ಸ್‌ಆಪ್ ಗುಂಪಿಗೆ ಬಂದಿರುತ್ತದೆ. ‘ನಿಮ್ಮ ಪೇಪರ್ ದಿನಾ ಓದ್ತೀನಿ ಕಣ್ರೀ’ ಅಂತ ನನಗೇ ಹೇಳುತ್ತಾರೆ. ಏನು ಹೇಳೋದು? ಸುಮ್ನೆ ನಗುತ್ತೇನೆ.

ಆದರೆ ಫೋನಿನಿಂದಾಗಿ ಬಿಟ್ಟವರಿಗಿಂತ ‘ಹೊತ್ತಿಗೆ ಸರಿಯಾಗಿ ಬರಲ್ಲ’ ಅಂತ ಬಿಟ್ಟವರೇ ಜಾಸ್ತಿ. ಹೆತ್ತೂರು ಕಡೆಯ ಬಸ್ಸಿನಲ್ಲಿ ಡ್ರೈವರ್ ಪಕ್ಕ ಪೇಪರಿನ ಕಟ್ಟು ಇಟ್ಟು ಕಳಿಸುತ್ತಿದ್ದೆವು. ಕಂಡಕ್ಟರ್ ಒಂದೊಂದು ಎಸ್ಟೇಟಿನ ಗೇಟಿನ ಹತ್ತಿರವೂ ಒಂದೊಂದು ಎಸೆಯುತ್ತಿದ್ದ. ಮಳೆಗಾಲದಲ್ಲಿ ಒದ್ದೆಯಾಗದಿರಲಿ ಅಂತ ಗೇಟಿನ ಕಂಬಕ್ಕೆ ಪಿವಿಸಿ ಪೈಪ್ ಕಟ್ಟಿರುತ್ತಿದ್ದರು, ಅದರೊಳಗೆ ಸುರುಳಿ ಸುತ್ತಿ ತುರುಕುತ್ತಿದ್ದ. ಈಗ ಪೇಪರ್ ತರುವ ವ್ಯಾನ್ ಅರ್ಧ ಗಂಟೆ ತಡ. ಬಸ್ ಕಾಯೋದಿಲ್ಲ. ಕಟ್ಟು ಮುಂದಿನ ಬಸ್ಸಿಗೆ ಹೋಗುತ್ತದೆ, ಎಸ್ಟೇಟ್ ಸೇರುವಾಗ ಹನ್ನೊಂದು ಗಂಟೆ. ಹನ್ನೊಂದು ಗಂಟೆಗೆ ಪೇಪರ್ ಯಾರಿಗೆ ಬೇಕು? ಪೇಟೆಯೊಳಗೆ ಹಾಕಲು ಹುಡುಗರೂ ಸಿಗುತ್ತಿಲ್ಲ. ಮೊದಲು ಹೈಸ್ಕೂಲ್ ಹುಡುಗರು ಬೆಳಗ್ಗೆ ಸೈಕಲ್ ತುಳಿದು ಹಾಕಿ ಶಾಲೆಗೆ ಹೋಗುತ್ತಿದ್ದರು. ಈಗ ಆರು ಗಂಟೆಗೇ ಟ್ಯೂಷನ್. ನಾವು ಕೊಡುವ ದುಡ್ಡಿಗೆ ಯಾರು ತಾನೇ ಮಳೆಯಲ್ಲಿ ನೆನೆಯುತ್ತಾರೆ? ಅವರದ್ದು ತಪ್ಪಲ್ಲ.

ಇನ್ನೊಂದು ವಿಷಯ ಹೇಳಬೇಕು. ಪೇಪರ್ ಬಿಟ್ಟಿದ್ದ ಕಾಫಿ ಬೆಳೆಗಾರರೊಬ್ಬರು ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಹಿಂದಿನ ತಿಂಗಳ ಪೇಪರ್ ಇದೆಯಾ ಅಂದರು. ರದ್ದಿಗೆ ಹಾಕಲು ಕಟ್ಟಿಟ್ಟಿದ್ದ ಮೂಟೆ ಬಿಚ್ಚಿ ಇಬ್ಬರೂ ನೆಲದ ಮೇಲೆ ಕೂತು ಹುಡುಕಿದೆವು. ಮುಕ್ಕಾಲು ಗಂಟೆ ಆದ ಮೇಲೆ ಸಿಕ್ಕಿತು. ಒಂದು ಕಾಮಗಾರಿಗೆ ಜಮೀನು ತಗೊಳ್ಳುವ ಪ್ರಕಟಣೆ. ಸಾಸಿವೆ ಕಾಳಿನಷ್ಟು ಅಕ್ಷರ. ಅವರು ಕನ್ನಡಕ ತೆಗೆದು ಹಾಳೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಸರ್ವೆ ನಂಬರುಗಳ ಮೇಲೆ ಬೆರಳು ಓಡಿಸಿದರು. ಒಂದು ಕಡೆ ಬೆರಳು ನಿಂತಿತು. ಆಮೇಲೆ ಅದೇ ಬೆರಳಲ್ಲಿ ದಿನ ಎಣಿಸಲು ಶುರು ಮಾಡಿದರು. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಇಂಥ ಪ್ರಾಥಮಿಕ ಅಧಿಸೂಚನೆಯನ್ನು ಆ ಭಾಗದ ಎರಡು ದಿನಪತ್ರಿಕೆಗಳಲ್ಲಿ ಹಾಕಬೇಕು, ಒಂದು ಅಲ್ಲಿನ ಭಾಷೆಯದೇ ಆಗಿರಬೇಕು. ತಕರಾರು ಕೊಡಲು ಇರೋದು 60 ದಿನ. ಅವರಿಗೆ ಇನ್ನೂ ಸಮಯ ಉಳಿದಿತ್ತು, ಪುಣ್ಯ. ಮರುದಿನದಿಂದ ಮತ್ತೆ ಪೇಪರ್ ಹಾಕಿಸಿಕೊಂಡರು.

ಆಸ್ಟ್ರಿಯಾ ದೇಶದ ವಿಯೆನ್ನಾದ ‘ವೀನರ್ ಝೈಟುಂಗ್’ ಎಂಬ ಪತ್ರಿಕೆ 1703ರಲ್ಲಿ ಶುರುವಾದದ್ದು. 2023ರ ಜೂನ್ 30ಕ್ಕೆ ದಿನಪತ್ರಿಕೆಯಾಗಿ ಅಚ್ಚಾಗುವುದನ್ನು ನಿಲ್ಲಿಸಿತು. ಕಂಪನಿಗಳು ತಮ್ಮ ಪ್ರಕಟಣೆಗಳನ್ನು ದುಡ್ಡು ಕೊಟ್ಟು ಅದರಲ್ಲೇ ಹಾಕಬೇಕು ಅಂತ ಅಲ್ಲಿ ಕಾನೂನಿತ್ತು. ಅದನ್ನು ತೆಗೆದರು, ಆದಾಯ ಹೋಯಿತು. ಓದುಗರು ಕೊಡುವ ದುಡ್ಡಿನಲ್ಲಿ ಅಚ್ಚಿನ ಖರ್ಚು ಹುಟ್ಟೋದಿಲ್ಲ ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ. ಜಾಹೀರಾತು ಗೂಗಲ್, ಫೇಸ್‌ಬುಕ್ ಪಾಲಾಗಿದೆ. ಇಲ್ಲಿಯೂ ನಾಳೆ ಯಾರಾದರೂ, ಪ್ರಕಟಣೆಯೆಲ್ಲ ವೆಬ್‌ಸೈಟ್‌ನಲ್ಲಿ ಹಾಕಿದರೆ ಸಾಕು ಅಂದರೆ? ಆ ಬೆಳೆಗಾರರು ಯಾವ ಮೂಟೆ ಬಿಚ್ಚಬೇಕು?

ಈಗ ನಿಮ್ಮ ಮೇಲೇ ಒಂದು ದೂರು. ನೀವು ಅಂದರೆ ನೀವೊಬ್ಬರೇ ಅಲ್ಲ, ಹೆಚ್ಚುಕಮ್ಮಿ ಎಲ್ಲ ಪತ್ರಿಕೆಯವರೂ. ನಮ್ಮ ತಾಲ್ಲೂಕಿನ ಪಾಲಿಗೆ ಬರೋದು ದೀಪ ಹಚ್ಚಿದ ಒಂದು ಫೋಟೊ, ಹಾರ ಹಾಕಿದ ಒಂದು ಫೋಟೊ. ನಿನ್ನೆ ಸಂಜೆ ಟಿವಿಯಲ್ಲಿ ನೋಡಿದ್ದೇ ಮುಖಪುಟದಲ್ಲಿ ಇರುತ್ತದೆ. ರಾತ್ರಿ ಮ್ಯಾಚ್ ತಡವಾಗಿ ಮುಗಿದರೆ ನಮ್ಮ ಕಡೆಗೆ ಬರುವ ಪೇಪರಿನಲ್ಲಿ ಯಾರು ಗೆದ್ದರು ಅಂತಲೂ ಇರೋದಿಲ್ಲ. ಆ ಓಟದಲ್ಲಿ ಫೋನನ್ನು ಹಿಡಿಯಲು ಆಗೋದಿಲ್ಲ, ಬಿಟ್ಟುಬಿಡಿ. ಕಾಡಾನೆ ವಿಷಯವನ್ನೇ ತಗೊಳ್ಳಿ. ಆನೆ ಇವತ್ತು ಯಾವ ತೋಟದಲ್ಲಿದೆ ಅಂತ ಅರಣ್ಯ ಇಲಾಖೆಯವರು ಮೊಬೈಲ್‌ಗೇ ಮೆಸೇಜ್ ಕಳಿಸುತ್ತಾರೆ, ಒಳ್ಳೆಯದೇ. ಬೇರೆಲ್ಲಿಯದೋ ಹಳೇ ವಿಡಿಯೊವನ್ನು ‘ಈಗ ನಮ್ಮೂರಲ್ಲಿ’ ಅಂತ ಹಂಚುವವರೂ ಅದೇ ಫೋನಿನಲ್ಲಿದ್ದಾರೆ. ಒಮ್ಮೆ ಅದನ್ನು ನಂಬಿ ನಾನೇ ಏಳು ಗಂಟೆಗೆ ಅಂಗಡಿ ಬಾಗಿಲು ಹಾಕಿದ್ದೆ. ಆದರೆ ಬೆಳೆ ತುಳಿಸಿಕೊಂಡವರಲ್ಲಿ ಯಾರಿಗೆ ಪರಿಹಾರ ಬಂತು, ಯಾರ ಅರ್ಜಿ ಎಲ್ಲಿ ಕೂತಿದೆ ಅಂತ ಫೋನೂ ಹೇಳಲ್ಲ, ಪೇಪರೂ ಹೇಳಲ್ಲ. ಅದನ್ನು ಕಚೇರಿಗೆ ಹೋಗಿ ಕೇಳಿಕೊಂಡು ಬಂದು ಬರೆಯುವ ಒಬ್ಬ ವರದಿಗಾರ ಆಲೂರು, ಬೇಲೂರು, ಸಕಲೇಶಪುರ ಮೂರಕ್ಕೂ ಸೇರಿ ಇದ್ದರೂ ಸಾಕು. ವಾರಕ್ಕೊಂದು ಪುಟ ಕೊಡಿ. ಆ ದಿನ ಇಪ್ಪತ್ತು ಕಾಪಿ ಜಾಸ್ತಿ ತರಿಸುತ್ತೇನೆ, ಉಳಿದರೆ ವಾಪಸ್ ಕಳಿಸೋದಿಲ್ಲ.

ಪ್ರಕಟಣೆಗಳ ಅಕ್ಷರವನ್ನೂ ಸ್ವಲ್ಪ ದೊಡ್ಡದು ಮಾಡಿಸಿ. ಅದನ್ನು ಓದುವವರಿಗೆಲ್ಲ ವಯಸ್ಸಾಗಿದೆ.

ವ್ಯಾನಿನ ವಿಷಯ ನಿಮ್ಮ ಪ್ರಸರಣ ವಿಭಾಗಕ್ಕೆ ಎರಡು ಸಲ ಹೇಳಿದ್ದೇನೆ. ನೀವೂ ಒಂದು ಮಾತು ಹೇಳಿ. ನಾಲ್ಕೂಮುಕ್ಕಾಲಿಗೆ ಬಂಡಲ್ ಇಳಿದರೆ ಹೆತ್ತೂರಿನ ಮೊದಲ ಬಸ್ ಸಿಗುತ್ತದೆ. ಗೇಟಿನ ಪೈಪುಗಳು ಇನ್ನೂ ಹಾಗೇ ಇವೆ, ಯಾರೂ ಬಿಚ್ಚಿಲ್ಲ.

ಇಂತಿ,
ಒಬ್ಬ ಪತ್ರಿಕಾ ಏಜೆಂಟ್
ಸಕಲೇಶಪುರ, ಹಾಸನ ಜಿಲ್ಲೆ