ಜಿಲ್ಲಾಧಿಕಾರಿಗಳೇ, ನೋಂದಣಿ ಇರುವ ನಾಯಿ ಬ್ರೀಡರ್‌ಗಳ ಪಟ್ಟಿ ಹೊರಗೆ ಹಾಕಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ರಾಯಚೂರಿನಲ್ಲಿ ಒಂದು ಸಣ್ಣ ಜಾತಿಯ ನಾಯಿಮರಿ, ಪಾಮೇರಿಯನ್ನೋ ಶಿಹ್ ತ್ಸೂನೋ ಪಗ್ಗೋ, ಕೊಳ್ಳಬೇಕು ಅಂದರೆ ಯಾರನ್ನು ನಂಬಿ ಹೋಗಬೇಕು? ನೋಂದಣಿ ಮಾಡಿಸಿರುವ ಬ್ರೀಡರ್, ಅಂದರೆ ನಾಯಿಗೆ ಮರಿ ಹಾಕಿಸಿ ಮಾರುವವರು, ಇಲ್ಲಿ ಯಾರಿದ್ದಾರೆ? ಕೇಳಿದ ಕಡೆಯೆಲ್ಲ "ಅದು ನಮಗೆ ಬರಲ್ಲ, ಬೇರೆ ಕಡೆ ಕೇಳಿ" ಅನ್ನುವ ಉತ್ತರ ಕೇಳಿ ಸಾಕಾಗಿದೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನನಗೆ ಬೇಕಿರುವುದು ಒಂದು ಪಟ್ಟಿ.

ನಾಯಿಗೆ ಮರಿ ಹಾಕಿಸಿ ಮಾರುವ ಕುರಿತ 2017ರ ನಿಯಮ ನಿಮಗೆ ಗೊತ್ತೇ ಇದೆ. ಬ್ರೀಡರ್ ಆದವನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. 8 ವಾರ ತುಂಬದ ಮರಿ ಮಾರುವಂತಿಲ್ಲ. ಲಸಿಕೆ, ಮೈಕ್ರೋಚಿಪ್ (ಚರ್ಮದ ಅಡಿ ಹಾಕುವ ಗುರುತಿನ ಚಿಪ್) ಆಗಿರಲೇಬೇಕು. ತಾಯಿ ನಾಯಿಗೆ 18 ತಿಂಗಳು ಆಗದೆ ಮರಿ ಹಾಕಿಸುವ ಹಾಗಿಲ್ಲ. ಇಷ್ಟೆಲ್ಲ ಕಾಗದದ ಮೇಲಿದೆ. ಊರಿನಲ್ಲಿ ನಡೆಯುತ್ತಿರುವುದೇ ಬೇರೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ಇಡೀ ದಿನ ಮನೆಯಲ್ಲಿ ಒಬ್ಬಳೇ. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ, ದೊಡ್ಡ ನಾಯಿ ಸಾಕುವ ಜಾಗ ಅಲ್ಲ. ಹಾಗಾಗಿ ಒಂದು ಪುಟ್ಟ ಪಾಮೇರಿಯನ್ ತರೋಣ ಅಂದುಕೊಂಡೆವು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಹಾಕುವ ಒಬ್ಬರನ್ನು ಹಿಡಿದೆವು. ಎರಡು ತಿಂಗಳ ಮರಿ, ಲಸಿಕೆ ಎಲ್ಲ ಆಗಿದೆ ಅಂದರು. ತಾಯಿಯನ್ನು ತೋರಿಸಿ ಅಂದರೆ ಹೈದರಾಬಾದಿನಲ್ಲಿದೆ ಅಂದರು, ಸಾಕುವ ಜಾಗ ನೋಡುತ್ತೇವೆ ಅಂದರೆ ಮನೆಯಲ್ಲಿ ಯಾರೂ ಇಲ್ಲ ಅಂದರು, ಕೊನೆಗೆ ರಸ್ತೆ ಬದಿಯಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ರಟ್ಟಿನ ಡಬ್ಬದಲ್ಲಿ ಮರಿ ತಂದು ಕೈಗಿಟ್ಟು ದುಡ್ಡು ಎಣಿಸಿಕೊಂಡು ಹೋದರು. ಅವ್ವ ಅದಕ್ಕೆ ಚಿನ್ನಿ ಅಂತ ಹೆಸರಿಟ್ಟಳು.

ಮೂರನೇ ದಿನ ಚಿನ್ನಿ ಹಾಲು ಮುಟ್ಟಲಿಲ್ಲ. ಆಮೇಲೆ ವಾಂತಿ, ಆಮೇಲೆ ರಕ್ತಭೇದಿ. ಡಾಕ್ಟರ್ ಬಾಯಿ ತೆಗೆದು ನೋಡಿದರು. ಹಿಂದಿನ ಹಾಲುಹಲ್ಲು ಇನ್ನೂ ಮೂಡಿಲ್ಲ, ಇದಕ್ಕೆ ಒಂದು ತಿಂಗಳಾಗಿದ್ದರೆ ಹೆಚ್ಚು ಅಂದರು. ಪರೀಕ್ಷೆ ಮಾಡಿದರೆ ಪಾರ್ವೋ, ನಾಯಿಮರಿಗಳ ಜೀವ ತೆಗೆಯುವ ವೈರಸ್ ರೋಗ. ಈ ರೋಗ ಸೋಂಕು ತಗುಲಿದ ದಿನವೇ ಕಾಣಿಸಿಕೊಳ್ಳುವುದಿಲ್ಲ, ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಅಂದರೆ ಬರುವಾಗಲೇ ಹೊತ್ತುಕೊಂಡು ಬಂದಿರಬೇಕು. ತಾಯಿಗೇ ಲಸಿಕೆ ಇಲ್ಲದಿದ್ದರೆ ಅದರ ಮೊದಲ ಹಾಲಿನಿಂದ ಮರಿಗೆ ಸಿಗಬೇಕಾದ ರಕ್ಷಣೆಯೂ ಸಿಗಲ್ಲ ಅಂತ ಡಾಕ್ಟರೇ ವಿವರಿಸಿದರು. ಡ್ರಿಪ್ ಹಾಕಿದರು. ಅವ್ವ ರಾತ್ರಿಯೆಲ್ಲ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಚಿನ್ನಿ ಉಳಿಯಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ "ರೋಗ ನಿಮ್ಮ ಮನೆಯಲ್ಲೇ ಬಂದಿರಬೇಕು" ಅಂದು ನಂಬರ್ ಬ್ಲಾಕ್ ಮಾಡಿದರು. ಅದೇ ವಾರ ಮಗಳ ಫೋನಿನಲ್ಲಿ ಅವರ ಸ್ಟೇಟಸ್ ನೋಡಿದೆ, ಹೊಸ ಮರಿಗಳ ಫೋಟೋ ಹಾಕಿದ್ದರು. ದೂರು ಕೊಡಲು ಹೋದರೆ "ನಾಯಿಮರಿಗೂ ಕೇಸಾ?" ಅಂತ ನಕ್ಕರು. ಇದರಲ್ಲಿ ನಗುವಂಥದ್ದು ಏನಿದೆ, ನೀವೇ ಹೇಳಿ ಸಾರ್.

"ನೋಡಿ ತಗೋಬೇಕಿತ್ತು" ಅನ್ನುವವರಿಗೆ ಒಂದು ಮಾತು. ಏನು ನೋಡಬೇಕು? ಕೆಸಿಐ (ಕೆನೆಲ್ ಕ್ಲಬ್ ಆಫ್ ಇಂಡಿಯಾ) ಕಾಗದ ತೋರಿಸುತ್ತಾರೆ. ಅದು ಮರಿಯ ವಂಶ ಹೇಳುತ್ತದೆ ಅಷ್ಟೇ, ಮಾರುವುದಕ್ಕೆ ಸರ್ಕಾರ ಕೊಟ್ಟ ನೋಂದಣಿ ಅಲ್ಲ. ಟೀಕಪ್, ಅಂದರೆ ಚಹಾ ಕಪ್ಪಿನಲ್ಲಿ ಕೂರುವಷ್ಟು ಪುಟ್ಟದು, ಅಂತ ಹೇಳಿ ಜಾಸ್ತಿ ದುಡ್ಡು ಕೇಳುತ್ತಾರೆ, ಆ ಹೆಸರಿನ ಜಾತಿಯೇ ಇಲ್ಲ. ಎಷ್ಟೋ ಸಲ ಅದು ತಾಯಿಯಿಂದ ಬೇಗ ಬಿಡಿಸಿದ ಮರಿ, ಅದಕ್ಕೇ ಅಷ್ಟು ಚಿಕ್ಕದು. ಇನ್ನು ಪಗ್. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಚಪ್ಪಟೆ ಮೂತಿಯ ನಾಯಿ ಉಸಿರಾಡಲು ಎಷ್ಟು ಒದ್ದಾಡುತ್ತದೆ ಅಂತ ಮಾರುವವರು ಒಬ್ಬರಾದರೂ ಹೇಳುತ್ತಾರಾ? ಒಳ್ಳೆ ಬ್ರೀಡರ್ ಆದರೆ ಹೇಳುತ್ತಾರೆ. ತಾಯಿಯನ್ನು ತೋರಿಸುತ್ತಾರೆ, ಲಸಿಕೆಯ ಪುಸ್ತಕ ಕೊಡುತ್ತಾರೆ, ನಿಮ್ಮ ಮನೆ ಹೇಗಿದೆ, ದಿನವಿಡೀ ಯಾರಿರುತ್ತಾರೆ ಅಂತ ತಿರುಗಿ ನಮ್ಮನ್ನೇ ಕೇಳುತ್ತಾರೆ. ಅಂಥವರು ಇದ್ದರೆ ಅವರ ಹೆಸರು ಜನರಿಗೆ ಗೊತ್ತಾಗಬೇಕು, ಅಲ್ವಾ?

ಹಾಗಾಗಿ ಮತ್ತೆ ಕೇಳುತ್ತಿದ್ದೇನೆ, ಪಟ್ಟಿ ಕೊಡಿ. ಜಿಲ್ಲೆಯ ವೆಬ್‌ಸೈಟಿನಲ್ಲಿ ಹಾಕಿ, ಪ್ರತಿ ಪಶು ಆಸ್ಪತ್ರೆಯ ಗೋಡೆಗೆ ಅಂಟಿಸಿ, ಕನ್ನಡದಲ್ಲಿ. ಜಿಲ್ಲೆಯಲ್ಲಿ ಒಬ್ಬರೂ ನೋಂದಣಿ ಮಾಡಿಸಿಲ್ಲ ಅಂದರೆ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ. ಆಗ ರಸ್ತೆ ಬದಿಯಲ್ಲಿ ಡಬ್ಬ ಹಿಡಿದು ನಿಂತವರೆಲ್ಲ ನಿಯಮ ಮೀರಿದವರು ಅಂತ ಜನರಿಗೆ ತಿಳಿಯುತ್ತದೆ, ನಿಮ್ಮ ಸಿಬ್ಬಂದಿಗೂ ಯಾರನ್ನು ಹಿಡಿಯಬೇಕು ಅಂತ ತಿಳಿಯುತ್ತದೆ. ದೂರು ಕೊಡಲು ಒಂದು ಫೋನ್ ನಂಬರನ್ನೂ ಅದರ ಕೆಳಗೆ ಹಾಕಿ, ಎತ್ತುವವರು ಇರುವ ನಂಬರ್.

ಈ ತಿಂಗಳೊಳಗೆ ಪಟ್ಟಿ ಹೊರಗೆ ಬರಲಿ.

ಇಂತಿ,
ರಾಯಚೂರಿನ ಒಬ್ಬ ನಿವಾಸಿ