ಮನೆಗೆ ಕಳಿಸಿದವರ ಚಿಂತೆ

ಪ್ರೀತಿಯ ಪುಟ್ಟಿ,

ಉಳಿದದ್ದೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ, ಅದು ಬಿಡು. ನಿನ್ನ ಪತ್ರದ ಕೊನೆಗೆ ಒಂದು ಸಾಲು ಇದೆಯಲ್ಲ, ‘ದೊಡ್ಡಮ್ಮ, ನಾನು ಮನೆಗೆ ಕಳಿಸಿದವರು ದಾರಿಯಲ್ಲೇ ಸತ್ತರೆ?’ ಅಂತ. ಅದನ್ನು ಓದಿದ ಮೇಲೆ ನಿದ್ದೆ ಹತ್ತಲಿಲ್ಲ. ಎದ್ದು ಕೂತು ಬರೆಯುತ್ತಿದ್ದೇನೆ.

ಎಮರ್ಜೆನ್ಸಿ ವಿಭಾಗದ ತರಬೇತಿಯ ಮೊದಲ ವರ್ಷದಲ್ಲಿ ಎಲ್ಲರಿಗೂ ಗಂಟಲಿಗೆ ಟ್ಯೂಬ್ ಹಾಕುವುದರ ಭಯ. ನೀನು ಹೆದರಿರುವುದು ಅದಕ್ಕಲ್ಲ. ಪ್ರಾಣ ಹೋಗುತ್ತಿರುವವರು ಬಂದರೆ ಇಡೀ ವಾರ್ಡೇ ಓಡಿ ಬರುತ್ತದೆ. ತಾವೇ ನಡೆದು ಬಂದು, ಕುರ್ಚಿಯಲ್ಲಿ ಕೂತು, ‘ಸ್ವಲ್ಪ ಗ್ಯಾಸ್ ಇರಬೇಕು ಡಾಕ್ಟ್ರೇ’ ಅನ್ನುತ್ತಾರಲ್ಲ, ಅವರ ಹತ್ತಿರ ನೀನೊಬ್ಬಳೇ ಇರುತ್ತೀಯ. ನಿನ್ನ ಹೆದರಿಕೆ ಸರಿಯಾಗಿಯೇ ಇದೆ.

ನಾನೂ ಒಬ್ಬರನ್ನು ಹಾಗೆ ಕಳಿಸಿದ್ದೆ. ಇದು ನಿಮ್ಮಮ್ಮನಿಗೂ ಗೊತ್ತಿಲ್ಲ.

ಐವತ್ತರ ಹತ್ತಿರದ ಮನುಷ್ಯ. ಎದೆಗೂಡಿನ ಕೆಳಗೆ ಉರಿ ಅಂದರು. ಇಸಿಜಿ ತೆಗೆಸಿದೆ, ಏನೂ ಕಾಣಲಿಲ್ಲ. ಬೆನ್ನಿಗೆ ಸ್ಟೆತಸ್ಕೋಪ್ ಇಡಲು ಹೋದರೆ ಶರ್ಟ್ ಚರ್ಮಕ್ಕೆ ಅಂಟಿಕೊಂಡಿತ್ತು. ಎರಡು ಬೆರಳಲ್ಲಿ ಬಿಡಿಸಿ ಎತ್ತಿದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಆ ಕೋಣೆಯಲ್ಲಿ ಬೇರೆ ಯಾರೂ ಬೆವೆತಿರಲಿಲ್ಲ. ಅದನ್ನು ನೋಡಿದೆ ಪುಟ್ಟಿ, ಆದರೆ ಯೋಚಿಸಲಿಲ್ಲ. ಅಸಿಡಿಟಿಗೆ ಇಂಜೆಕ್ಷನ್ ಕೊಟ್ಟೆ, ಉರಿ ಕಡಿಮೆಯಾಯಿತು ಅಂದರು. ಹೊರಡುವಾಗ ಅವರ ಹೆಂಡತಿ ಬಾಗಿಲಲ್ಲಿ ತಿರುಗಿ ನಿಂತು, ‘ಇವರು ತಾವಾಗಿ ಆಸ್ಪತ್ರೆಗೆ ಹೋಗೋಣ ಅಂದೋರೇ ಅಲ್ಲಮ್ಮ’ ಅಂದರು. ನಾನು ಧೈರ್ಯ ಹೇಳಿ ಕಳಿಸಿದೆ. ಬೆಳಗಾಗುವ ಮೊದಲೇ ವಾಪಸ್ ಕರೆತಂದರು. ಆಗ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಹೃದಯಾಘಾತ ಹೃದಯದ ಕೆಳಗೋಡೆಯಲ್ಲಾದರೆ ನೋವು ಹೊಟ್ಟೆಯಲ್ಲಿ ಕಾಣಿಸಿಕೊಳ್ಳಬಹುದು, ಮೊದಲ ಇಸಿಜಿ ಚೆನ್ನಾಗಿಯೇ ಇರಬಹುದು, ಮತ್ತೆ ಮತ್ತೆ ತೆಗೆಯಬೇಕು. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಗೊತ್ತಿಲ್ಲದೆ ಆದ ತಪ್ಪಲ್ಲ ಅದು. ಆ ಹೆಂಗಸಿನ ಮಾತು ಕೇಳಿದಾಗ ಮನಸ್ಸು ಒಂದು ಕ್ಷಣ ಹಿಂಜರಿದಿತ್ತು. ಸೀನಿಯರ್ ಡ್ಯೂಟಿ ರೂಮಿನಲ್ಲಿ ಮಲಗಿದ್ದರು. ಬಾಗಿಲ ತನಕ ಹೋದೆ, ತಟ್ಟಲು ಕೈ ಎತ್ತಿದೆ, ವಾಪಸ್ ಬಂದೆ. ಹಿಂದಿನ ವಾರ ಎಬ್ಬಿಸಿದ್ದಕ್ಕೆ ಬೈಸಿಕೊಂಡಿದ್ದೆ. ಈಗಲೂ ನನಗೆ ನೆನಪಾಗುವುದು ಆ ಬಾಗಿಲೇ.

ಆಗ ಕ್ಯಾಶುವಾಲ್ಟಿ ಅಂದರೆ ಯಾರಿಗೆ ಡ್ಯೂಟಿ ಬಿತ್ತೋ ಅವರದ್ದು. ಕಲಿಸುವವರು ಇರಲಿಲ್ಲ. ಎಮರ್ಜೆನ್ಸಿ ಮೆಡಿಸಿನ್‌ಗೆ ಅಂತಲೇ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವ ತರಬೇತಿ, ಮೊದಲು ಶುರುವಾದದ್ದು 1970ರಲ್ಲಿ, ಅಮೆರಿಕದ ಸಿನ್ಸಿನಾಟಿಯಲ್ಲಿ, ಒಬ್ಬನೇ ಒಬ್ಬ ರೆಸಿಡೆಂಟ್ ಇಟ್ಟುಕೊಂಡು. ನಾನಿದ್ದ ಕಡೆಗೆ ಅದು ಬರುವಷ್ಟರಲ್ಲಿ ನನ್ನ ತಲೆ ನರೆತಿತ್ತು. ಅದಕ್ಕೇ, ‘ನಾನು ನೋಡಿದ ಪೇಷಂಟನ್ನೇ ಸೀನಿಯರ್ ಮತ್ತೆ ನೋಡ್ತಾರೆ, ನಂಬಿಕೆ ಇಲ್ಲ’ ಅಂತ ನೀನು ಬೇಜಾರು ಮಾಡಿಕೊಂಡಿದ್ದು ಓದಿ ನನಗೆ ಸಮಾಧಾನವೇ ಆಯಿತು. ಆ ರಾತ್ರಿ ನನ್ನ ಹಿಂದೆ ಇನ್ನೊಂದು ಜೊತೆ ಕಣ್ಣು ಇದ್ದಿದ್ದರೆ ಆ ಶರ್ಟ್ ಅವಕ್ಕೆ ಕಂಡಿರುತ್ತಿತ್ತು.

ತರಬೇತಿ ಅಂತ ನಮ್ಮನ್ನು ಚೆಂಡಿನ ಹಾಗೆ ಒಂದು ವಿಭಾಗದಿಂದ ಇನ್ನೊಂದಕ್ಕೆ ಎಸೆಯುತ್ತಾರೆ ಅಂತಲೂ ಬರೆದಿದ್ದೀಯ. ಅನಸ್ತೇಶಿಯಾದಲ್ಲಿ ಉಸಿರಿನ ದಾರಿ ಕಾಯುವುದನ್ನು ನಿಧಾನವಾಗಿ ಕಲಿಯಬಹುದು, ಎಮರ್ಜೆನ್ಸಿಯಲ್ಲಿ ಅಷ್ಟು ಹೊತ್ತು ಯಾರು ಕೊಡುತ್ತಾರೆ? ಮಕ್ಕಳ ವಿಭಾಗದಲ್ಲಿ ಜಾಸ್ತಿ ಹೊತ್ತು ನಿಲ್ಲು. ಮಗು ಕೊನೆಯ ತನಕ ಬಿಪಿ ಹಿಡಿದಿಟ್ಟುಕೊಂಡಿರುತ್ತದೆ, ಆಮೇಲೆ ಒಮ್ಮೆಗೇ ಕುಸಿಯುತ್ತದೆ. ಬಿಪಿ ಸರಿಯಿದೆ ಅಂತ ಮಗುವನ್ನು ಮನೆಗೆ ಕಳಿಸಬೇಡ. ನಾಡಿ ಎಷ್ಟು ಓಡುತ್ತಿದೆ, ಉಗುರು ಒತ್ತಿ ಬಿಟ್ಟರೆ ಎಷ್ಟು ಬೇಗ ಕೆಂಪಾಗುತ್ತದೆ, ಅದನ್ನು ನೋಡು. ಐಸಿಯುನಲ್ಲಿ, ಎಮರ್ಜೆನ್ಸಿಯಿಂದ ನೀನು ಅಲ್ಲಿಗೆ ಕಳಿಸಿದವರು ಆಮೇಲೆ ಏನಾದರು ಅನ್ನುವುದು ಗೊತ್ತಾಗುತ್ತದೆ.

ನೋಡು, ಮತ್ತೆ ಕಳಿಸುವ ಮಾತಿಗೇ ಬಂದೆ.

ಈ ಭಯ ಎಷ್ಟು ವರ್ಷಕ್ಕೆ ಹೋಗುತ್ತದೆ ಅಂತ ಕೇಳಿದ್ದೀಯ. ಅಮೆರಿಕದಲ್ಲಿ 3 ಅಥವಾ 4 ವರ್ಷ ತರಬೇತಿ, ಬ್ರಿಟನ್ನಿನಲ್ಲಿ 6. ಟ್ಯೂಬ್ ಹಾಕುವುದು, ದೊಡ್ಡ ರಕ್ತನಾಳಕ್ಕೆ ಲೈನ್ ಹಾಕುವುದು, ಹೊಟ್ಟೆಯಲ್ಲಿ ರಕ್ತ ನಿಂತಿದೆಯಾ ಅಂತ ಅಲ್ಟ್ರಾಸೌಂಡಿನಲ್ಲಿ ಹುಡುಕುವುದು, ಇವು ಕೈಗೆ ಬೇಗ ಹತ್ತುತ್ತವೆ. ಏನೂ ಇಲ್ಲದ ಎದೆನೋವನ್ನು ನೂರಾರು ಸಲ ನೋಡಿದ ಮೇಲೇ ಅಂಟಿದ ಶರ್ಟ್ ಕಣ್ಣಿಗೆ ಚುಚ್ಚುವುದು. ವರ್ಷಗಳು ಬೇಕಾಗುವುದು ಅದಕ್ಕೆ. ಎರಡನೇ ವರ್ಷ ಒಟ್ಟಿಗೆ ನಾಲ್ಕೈದು ಜನರನ್ನು ನೋಡುತ್ತೀಯ, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಇಸಿಜಿ ನಿನ್ನ ಮುಂದಿರುತ್ತದೆ. ಕೊನೆಯ ವರ್ಷ ಜೂನಿಯರ್‌ಗಳು ನಿನ್ನ ಹತ್ತಿರ ಕೇಳಲು ಬರುತ್ತಾರೆ. ಭಯ ಆಗಲೂ ಇರುತ್ತದೆ ಅಂತ ನನ್ನ ಅಂದಾಜು. ಅದು ಪೂರ್ತಿ ಹೋದ ಡಾಕ್ಟರ ಕೈಗೆ ನಮ್ಮ ಮನೆಯವರನ್ನು ನಾನು ಕೊಡುವುದಿಲ್ಲ.

ನಿಮ್ಮ ಪದ್ಧತಿಗಳು ಈಗ ಬೇರೆ, ನಾನು ಹೇಳುವುದು ಹಳೆಯದಾಗಿರಬಹುದು. ಆದರೂ, ಕಳಿಸುವ ಮೊದಲು ನಾಡಿ ಇನ್ನೊಮ್ಮೆ ನೀನೇ ಹಿಡಿದು ನೋಡು. ನಾಲ್ಕು ಹೆಜ್ಜೆ ನಡೆಸು. ಏನಾದರೆ ತಕ್ಷಣ ವಾಪಸ್ ಬರಬೇಕು ಅನ್ನುವುದನ್ನು ಮನೆಯವರ ಮುಖ ನೋಡಿ ಹೇಳು. ಶಿಫ್ಟ್ ಬದಲಾಗುವಾಗ ಹುಷಾರು, ಅರ್ಧ ನೋಡಿದವರು ಆಗಲೇ ಕೈತಪ್ಪುವುದು. ಕಳಿಸಿದವರ ನಂಬರ್ ಬರೆದಿಟ್ಟುಕೊಂಡು ಎರಡು ದಿನದ ಮೇಲೆ ವಿಚಾರಿಸು ಅನ್ನಬೇಕು ಅನ್ನಿಸುತ್ತದೆ, ಆದರೆ ನಿನಗೆ ಊಟಕ್ಕೇ ಪುರುಸೊತ್ತಿಲ್ಲ, ಆದಾಗ ಮಾಡು.

ಹಾಗೆ ಆಗುವುದೇ ಇಲ್ಲ ಅಂತ ಬರೆಯಲು ನನಗೆ ಕೈ ಬರುತ್ತಿಲ್ಲ. ಎಲ್ಲ ಸರಿಯಾಗಿ ಮಾಡಿದರೂ ಒಮ್ಮೆ ಆಗಬಹುದು. ಆದರೆ ಅದೇ ದಿನ ಯಾರಿಗಾದರೂ ಹೇಳು, ವಾರ್ಡಿನಲ್ಲಾದ ಸಾವುಗಳನ್ನು ಚರ್ಚಿಸುವ ನಿಮ್ಮ ಮೀಟಿಂಗಿನಲ್ಲೂ ಮುಚ್ಚಿಡದೆ ಹೇಳು. ನಾನು ಇಷ್ಟು ವರ್ಷ ಒಬ್ಬಳೇ ಇಟ್ಟುಕೊಂಡೆ, ಅದರಿಂದ ಅವರಿಗೂ ಏನೂ ಒಳ್ಳೆಯದಾಗಲಿಲ್ಲ, ನನಗೂ ಆಗಲಿಲ್ಲ.

ಮುಂದಿನ ವಾರ ನಿನಗೆ ರಾತ್ರಿ ಪಾಳಿ ಅಲ್ವಾ? ಅನುಮಾನ ಬಂದರೆ ಬಾಗಿಲು ತಟ್ಟು. ಬೈದರೆ ಬೈಸಿಕೋ. ಬೆಳಿಗ್ಗೆ ಮಲಗುವ ಮೊದಲು ನನಗೆ ಎರಡೇ ಸಾಲು ಬರೆ, ಯಾರನ್ನು ಎಬ್ಬಿಸಿದೆ, ಯಾಕೆ ಎಬ್ಬಿಸಿದೆ ಅಂತ.

ನಿನ್ನ
ದೊಡ್ಡಮ್ಮ