ರಜೆ ಮುಗಿದ ಮೊದಲ ದಿನವೇ ಪೇಪರ್ ಕೊಡಬೇಕಾ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಹಿರಿಯರೊಬ್ಬರ ಪತ್ರ ಬಂದಿತ್ತು. ರಜೆ ಮುಗಿಸಿ ಶಾಲೆಗೆ ಹೊರಟ ಮಕ್ಕಳ ಮುಖ ಆಸ್ಪತ್ರೆಗೆ ಹೊರಟವರ ಹಾಗಿರುತ್ತದೆ, ಇದಕ್ಕೆಲ್ಲ ಮೊಬೈಲ್ ಮತ್ತು ಸೋಮಾರಿತನವೇ ಕಾರಣ, ನಮ್ಮ ಕಾಲದಲ್ಲಿ ನಾವು ಕುಣಿಯುತ್ತಾ ಹೋಗುತ್ತಿದ್ದೆವು ಎಂದು ಬರೆದಿದ್ದರು. ಕುಣಿಯುತ್ತಾ ಹೋದ ನೆನಪು ನನಗಂತೂ ಇಲ್ಲ. ಹೊಟ್ಟೆನೋವು ಅಂತ ಸುಳ್ಳು ಹೇಳಿದ ನೆನಪು ಮಾತ್ರ ಚೆನ್ನಾಗಿದೆ.

ನಾನು 19 ವರ್ಷದಿಂದ ಭಾಷಾ ಶಿಕ್ಷಕಿ. ಎಂಟು ಮತ್ತು ಒಂಬತ್ತನೇ ತರಗತಿಯವರಿಗೆ ಪಾಠ ಮಾಡುತ್ತೇನೆ. ಮಕ್ಕಳ ಸಪ್ಪೆ ಮುಖಕ್ಕೆ ಕಾರಣ ಹುಡುಕುವವರು ಅವರ ಕೈಯಲ್ಲಿರುವ ಮೊಬೈಲ್ ನೋಡುತ್ತಾರೆ. ನಮ್ಮ ಕೈಯಲ್ಲಿರುವ ಕಂತೆಯನ್ನು ಯಾರೂ ನೋಡುವುದಿಲ್ಲ. ರಜೆಯಲ್ಲಿ ತಿದ್ದಿದ ಉತ್ತರ ಪತ್ರಿಕೆಗಳ ಕಂತೆ. ಆ ಕಂತೆಯ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿತು. ಅರ್ಧ ದೂರು, ಅರ್ಧ ತಪ್ಪೊಪ್ಪಿಗೆ ಅಂದುಕೊಳ್ಳಿ.

ಈ ಸಲ ಶಾಲೆ ತೆರೆದ ದಿನ ಹಾಜರಿ ಮುಗಿಸಿ ಒಂಬತ್ತನೇ ತರಗತಿಯವರಿಗೆ ಕಾಲು ಹಾಳೆಯಷ್ಟು ಚೀಟಿ ಹಂಚಿದೆ. ಹೆಸರು ಬರೆಯಬೇಡಿ ಎಂದೆ. ಎರಡೇ ಪ್ರಶ್ನೆ. ಇವತ್ತು ಶಾಲೆಗೆ ಬರುವಾಗ ಹೇಗನ್ನಿಸಿತು? ಮಾರ್ಕ್ಸ್, ಗ್ರೇಡ್ ಬಗ್ಗೆ ನಿಮ್ಮ ಅಭಿಪ್ರಾಯ ಏನು? "ಇದಕ್ಕೆ ಮಾರ್ಕ್ಸ್ ಇದೆಯಾ ಮಿಸ್?" ಎಂದು ಹಿಂದಿನ ಬೆಂಚಿನಿಂದ ದನಿ ಬಂತು. ಇಲ್ಲ ಅಂದೆ. ಪೆನ್ನುಗಳು ಆರಾಮಾಗಿ ಓಡಿದವು. ಪ್ರಬಂಧ ಬರೆಯಿರಿ ಅಂದರೆ ಐದು ಸಾಲಿಗೇ ಸುಸ್ತಾಗುವವರು ಚೀಟಿಯ ಹಿಂಬದಿಗೂ ಹೋಗಿದ್ದರು.

ಒಂದು ವಿಷಯ ಹೇಳಿಬಿಡುತ್ತೇನೆ. ಹೆಸರಿಲ್ಲದಿದ್ದರೂ ಅಕ್ಷರ ನೋಡಿದರೆ ಯಾರದು ಅಂತ ನನಗೆ ಗೊತ್ತಾಗುತ್ತದೆ. ಆ ಮಟ್ಟಿಗೆ ಮಕ್ಕಳಿಗೆ ಮೋಸ ಮಾಡಿದೆ.

ಮೊದಲ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಅರ್ಧದಷ್ಟು ನಿದ್ದೆಯ ಬಗ್ಗೆ ಇದ್ದವು. ಇದು ನಿರೀಕ್ಷಿತ. ರಜೆಯಲ್ಲಿ ರಾತ್ರಿ ಹನ್ನೆರಡಕ್ಕೆ ಮಲಗಿ ಬೆಳಿಗ್ಗೆ ಒಂಬತ್ತಕ್ಕೆ ಎದ್ದವರನ್ನು ಒಂದೇ ದಿನದಲ್ಲಿ ಆರು ಗಂಟೆಗೆ ಎಬ್ಬಿಸಿದರೆ ಮುಖ ಅರಳುವುದಾದರೂ ಹೇಗೆ? ಹದಿಹರೆಯದಲ್ಲಿ ನಿದ್ದೆ ಬರುವ ಹೊತ್ತೇ ಮುಂದಕ್ಕೆ ಹೋಗುತ್ತದೆ. ದೇಹದೊಳಗಿನ ಗಡಿಯಾರದ ಕೆಲಸ ಅದು, ಕೊಬ್ಬಲ್ಲ. ಜರ್ಮನಿಯ ವಿಜ್ಞಾನಿ ಟಿಲ್ ರೋನೆಬರ್ಗ್ ಮತ್ತು ಜೊತೆಗಾರರು 2006ರಲ್ಲಿ, ದೇಹದ ಗಡಿಯಾರಕ್ಕೂ ಶಾಲೆ-ಕಚೇರಿಯ ಗಡಿಯಾರಕ್ಕೂ ತಾಳ ತಪ್ಪುವುದಕ್ಕೆ 'ಸೋಷಿಯಲ್ ಜೆಟ್‌ಲ್ಯಾಗ್' ಎಂಬ ಹೆಸರಿಟ್ಟರು. ವಿಮಾನ ಹತ್ತದೆಯೇ ದೂರದೇಶದಿಂದ ಬಂದಿಳಿದವರ ಹಾಗೆ ಆಗುವುದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯಂತೂ 2014ರಲ್ಲೇ ಹೇಳಿದೆ, ಈ ವಯಸ್ಸಿನವರ ಶಾಲೆ ಬೆಳಿಗ್ಗೆ ಎಂಟೂವರೆಗಿಂತ ಮೊದಲು ಶುರುವಾಗಬಾರದು ಎಂದು. ನಮ್ಮ ಸ್ಟಾಫ್ ರೂಮಿನಲ್ಲೂ ಮೊದಲ ದಿನ ಆಕಳಿಸದವರು ಯಾರೂ ಇರಲಿಲ್ಲ, ಅದು ಬೇರೆ ಮಾತು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಕೆಲಸಕ್ಕೆ ಹೋಗುವವರನ್ನು ರಜೆಗೆ ಮೊದಲು, ರಜೆಯಲ್ಲಿ, ರಜೆಯ ನಂತರ ಗಮನಿಸಿದ ಅಧ್ಯಯನಗಳನ್ನು ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಮಾಡಿದ್ದಾರೆ. ರಜೆಯ ಹುರುಪು ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಕರಗಿಹೋಗುತ್ತದಂತೆ. ಸಂಬಳ ತೆಗೆದುಕೊಳ್ಳುವವರ ಗತಿಯೇ ಹೀಗಾದರೆ ಮಕ್ಕಳನ್ನು ಮಾತ್ರ ಸೋಮಾರಿಗಳು ಅನ್ನುವುದು ಯಾವ ನ್ಯಾಯ?

ನಿದ್ದೆಯ ಕಥೆ ಇಷ್ಟೇ. ನಾಲ್ಕೈದು ದಿನದಲ್ಲಿ ಸರಿಹೋಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಚೀಟಿಗಳು.

"ರಜೆಯ ಕೊನೇ ನಾಲ್ಕು ದಿನ ರಜೆ ಅನ್ನಿಸಲೇ ಇಲ್ಲ. ಗಣಿತದ ಪೇಪರ್ ನೆನಪಾಗ್ತಿತ್ತು." ಇದು ಒಬ್ಬ ಹುಡುಗನದು. "ಶಾಲೆ ಇಷ್ಟ. ಆದ್ರೆ ಇವತ್ತು ಎರಡನೇ ಪೀರಿಯಡ್ ಇಷ್ಟ ಇಲ್ಲ," ಎಂದು ಇನ್ನೊಬ್ಬಳು. ಎರಡನೇ ಪೀರಿಯಡ್ ವಿಜ್ಞಾನ, ಪೇಪರ್ ಕೊಡುತ್ತೇವೆ ಎಂದು ರಜೆಗೆ ಮೊದಲೇ ಹೇಳಿದ್ದರು. ಮತ್ತೊಂದು ಚೀಟಿಯಲ್ಲಿ ಒಂದೇ ಸಾಲು: "ಇವತ್ತು ಕೊಡ್ತೀರಾ ಮಿಸ್?" ಪ್ರಶ್ನೆ ಕೇಳಿದ್ದು ನಾನು, ಉತ್ತರದ ಜಾಗದಲ್ಲಿ ನನಗೇ ಪ್ರಶ್ನೆ. ಆ ಹೊತ್ತಿಗೆ ಕಂತೆ ನನ್ನ ಮೇಜಿನ ಮೇಲೇ ಇತ್ತು. ಹಾಜರಿ ಪುಸ್ತಕವನ್ನು ಅದರ ಮೇಲೆ ಇಟ್ಟಿದ್ದೆ. ಮಕ್ಕಳೆಲ್ಲ ಹಾಜರಿ ಪುಸ್ತಕದ ಕೆಳಗೇ ನೋಡುತ್ತಿದ್ದರು ಅಂತ ಆಮೇಲೆ ಹೊಳೆಯಿತು.

ಯಾಕೆ ಮೊದಲ ದಿನವೇ ಕೊಡುತ್ತೇವೆ? ಪರೀಕ್ಷೆ ರಜೆಗೆ ಮೊದಲು ಮುಗಿಯುತ್ತದೆ. ತಿದ್ದುವುದು ರಜೆಯಲ್ಲಿ. ತಿದ್ದಿದ ಮೇಲೆ ಆ ಹೊರೆಯನ್ನು ಆದಷ್ಟು ಬೇಗ ಮೇಜಿನಿಂದ ಇಳಿಸಬೇಕು ಅನ್ನಿಸುತ್ತದೆ. ಅಷ್ಟೇ ಕಾರಣ. ಶಿಕ್ಷಣದ ಯಾವ ತತ್ವವೂ ಇದರ ಹಿಂದೆ ಇಲ್ಲ. 19 ವರ್ಷ ನಾನೂ ಅದನ್ನೇ ಮಾಡಿದ್ದೇನೆ. ರಜೆಯಲ್ಲಿ ಏನು ಮಾಡಿದಿರಿ ಅಂತ ಕೇಳುವ ಮೊದಲೇ, ಪರೀಕ್ಷೆಯಲ್ಲಿ ಏನು ಮಾಡಿದಿರಿ ಅಂತ ಹೆಸರು ಕರೆದು ಹೇಳಿದ್ದೇನೆ.

ಎರಡನೇ ಪ್ರಶ್ನೆಯ ಉತ್ತರಗಳು ನನ್ನ ಊಹೆಗೆ ಸಿಕ್ಕಲಿಲ್ಲ. ಮಾರ್ಕ್ಸ್ ಬೇಡವೇ ಬೇಡ ಎಂದು ಎಲ್ಲರೂ ಬರೆಯುತ್ತಾರೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಕೆಲವರು ಮಾರ್ಕ್ಸ್ ಬೇಡ, ಗ್ರೇಡ್ ಸಾಕು ಎಂದಿದ್ದರು. ಕೆಲವರಿಗೆ ಗ್ರೇಡ್ ಕಂಡರಾಗದು. "79ಕ್ಕೆ ಬಿ, 80ಕ್ಕೆ ಎ. 80ಕ್ಕೂ 89ಕ್ಕೂ ಒಂದೇ ಎ. ಇದು ಯಾವ ಲೆಕ್ಕ ಮಿಸ್?" ಎಂದು ಒಬ್ಬ ಕೇಳಿದ್ದಾನೆ. ಸರಿಯಾದ ಪ್ರಶ್ನೆ. ಒಂದು ಮಾರ್ಕಿನ ಅಂತರ ಬೆಟ್ಟವಾಗುತ್ತದೆ, ಒಂಬತ್ತು ಮಾರ್ಕಿನ ಅಂತರ ಮಾಯವಾಗುತ್ತದೆ. ಗಣಿತದಲ್ಲಿ ಹಿಂದುಳಿದವನು ಅಂತ ನಾವು ಅಂದುಕೊಂಡ ಹುಡುಗನೇ ಇದನ್ನು ಬರೆದಿದ್ದು.

ಇನ್ನೊಂದು ಚೀಟಿ ಹೆಚ್ಚು ಮಾತಾಡದ ಹುಡುಗಿಯದು. "ಮಾರ್ಕ್ಸ್ ತೆಗೀಬೇಡಿ. ನಾನು ಕ್ಲಾಸಲ್ಲಿ ಕೈ ಎತ್ತಲ್ಲ. ಪೇಪರಲ್ಲಿ ಮಾತ್ರ ನಾನು ಕಾಣ್ತೀನಿ." ಈ ಮೂರು ವಾಕ್ಯ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಮಾರ್ಕ್ಸ್ ಎಂದರೆ ಬರೀ ಒತ್ತಡ ಅಂತ ಭಾಷಣ ಮಾಡುವವರ ಗುಂಪಿನಲ್ಲಿ ನಾನೂ ಇದ್ದೆ. ಅಂಕ ಇಲ್ಲದೆ ಬರೀ ಶಿಕ್ಷಕರ ಅಭಿಪ್ರಾಯವೇ ನಡೆದರೆ ಯಾರಿಗೆ ಲಾಭ? ಚೆನ್ನಾಗಿ ಮಾತಾಡುವವರಿಗೆ, ಮುಂದಿನ ಬೆಂಚಿನವರಿಗೆ, ನಮಗೆ ಇಷ್ಟವಾದವರಿಗೆ. ನಮಗೆ ಇಷ್ಟವಾದವರು ಅಂತ ಇದ್ದೇ ಇರುತ್ತಾರೆ, ಇಲ್ಲ ಎನ್ನುವ ಶಿಕ್ಷಕರನ್ನು ನಾನು ನಂಬುವುದಿಲ್ಲ. ಹಾಗಾಗಿ ಮಾರ್ಕ್ಸ್ ಕಿತ್ತುಹಾಕಿ ಎಂದು ಈ ಪತ್ರದಲ್ಲಿ ನಾನು ಕೇಳುತ್ತಿಲ್ಲ.

ಹಾಗಂತ ಮಾರ್ಕ್ಸ್ ಅನ್ನುವುದು ತಕ್ಕಡಿಯಲ್ಲಿ ತೂಗಿದ ಹಾಗೆ ಕರಾರುವಾಕ್ಕು ಅಂತಲೂ ಅಲ್ಲ. ಎರಡು ವರ್ಷದ ಹಿಂದಿನ ಮಾತು. ಒಬ್ಬ ಹುಡುಗ ತನ್ನ ಪ್ರಬಂಧವನ್ನು ಬೇರೆ ಹಾಳೆಗೆ ನಕಲು ಮಾಡಿಕೊಂಡು ತಂದು, ಇದನ್ನು ನೋಡಿಕೊಡಿ ಮಿಸ್ ಎಂದ. ಅಭ್ಯಾಸಕ್ಕೆ ಬರೆದಿರಬೇಕು ಅಂದುಕೊಂಡು ಬೆಳಿಗ್ಗೆ ಬಿಡುವಿನಲ್ಲಿ ಓದಿ ಹತ್ತಕ್ಕೆ ಎಂಟು ಕೊಟ್ಟೆ. ಅವನು ಪರೀಕ್ಷೆಯ ಪೇಪರ್ ತೆಗೆದು ಪಕ್ಕದಲ್ಲಿಟ್ಟ. ಅದೇ ಪ್ರಬಂಧ, ಅದೇ ವಾಕ್ಯಗಳು. ಅದಕ್ಕೆ ನಾನೇ ಕೊಟ್ಟಿದ್ದು ಐದೂವರೆ. ಯಾವಾಗ ತಿದ್ದಿದ್ದೆ ಅಂತ ನೆನಪು ಮಾಡಿಕೊಂಡೆ. ರಾತ್ರಿ ಹನ್ನೊಂದರ ಮೇಲೆ, ಕಂತೆಯ ಕೊನೆಯಲ್ಲಿ, ತರಗತಿಯಲ್ಲೇ ಚೆನ್ನಾಗಿ ಬರೆಯುವವಳ ಪೇಪರ್ ಮುಗಿಸಿದ ತಕ್ಷಣ. ಒಳ್ಳೆಯದೊಂದನ್ನು ಓದಿ ಎತ್ತಿಕೊಂಡದ್ದು ಇದ್ದದ್ದಕ್ಕಿಂತ ಸಪ್ಪೆಯಾಗಿ ಕಾಣುತ್ತದೆ. ತಿದ್ದುವ ಎಲ್ಲರಿಗೂ ಇದು ಗೊತ್ತು, ಯಾರೂ ಹೇಳಿಕೊಳ್ಳುವುದಿಲ್ಲ. ಅವನಿಗೆ ಎರಡೂವರೆ ಮಾರ್ಕ್ಸ್ ಸೇರಿಸಿದೆ. ಆ ಕಂತೆಯ ಉಳಿದ ಪೇಪರುಗಳನ್ನು ಮತ್ತೆ ನೋಡಲಿಲ್ಲ. ಈಗಲೂ ಅದು ಚುಚ್ಚುತ್ತದೆ.

ಆಮೇಲೆ ಓದಿ ತಿಳಿದುಕೊಂಡೆ, ಇದು ನನ್ನೊಬ್ಬಳ ಪಾಪ ಅಲ್ಲ. 1912ರಲ್ಲಿ ಅಮೆರಿಕದಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬುವವರು ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆಯ ಪ್ರತಿಗಳನ್ನು ಹಲವು ಶಾಲೆಗಳಿಗೆ ಕಳಿಸಿದ್ದರು. 142 ಶಿಕ್ಷಕರು ತಿದ್ದಿ ಕಳಿಸಿದರು. ನೂರಕ್ಕೆ 64 ಕೊಟ್ಟವರಿದ್ದರು, 98 ಕೊಟ್ಟವರೂ ಇದ್ದರು. ಭಾಷೆ ಅಂದರೆ ಹಾಗೇ, ಗಣಿತಕ್ಕೆ ಹೀಗಾಗಲ್ಲ ಅಂತ ಕೆಲವರು ಅಂದರು. ಮರುವರ್ಷ ರೇಖಾಗಣಿತದ ಪೇಪರ್ ಕಳಿಸಿದರು. ಅಲ್ಲಿ ಅಂತರ ಇನ್ನೂ ಜಾಸ್ತಿ ಬಂತು! ನಮ್ಮ ಗಣಿತದ ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ ಹೊರಗೆ ನೋಡಿದರು.

ಈ ಅಕ್ಷರ, ಸಂಖ್ಯೆಗಳೆಲ್ಲ ಯಾರೋ ಒಂದು ದಿನ ಕೂತು ಮಾಡಿದ ಏರ್ಪಾಟು ಅನ್ನುವುದನ್ನೂ ನಾವು ಮಕ್ಕಳಿಗೆ ಹೇಳುವುದಿಲ್ಲ. ಅಮೆರಿಕದ ಯೇಲ್ ಕಾಲೇಜಿನಲ್ಲಿ 1785ರಲ್ಲಿ ಅಲ್ಲಿನ ಅಧ್ಯಕ್ಷ ಎಜ್ರಾ ಸ್ಟೈಲ್ಸ್ ತಾವು ಪರೀಕ್ಷೆ ಮಾಡಿದ ವಿದ್ಯಾರ್ಥಿಗಳನ್ನು ನಾಲ್ಕು ಗುಂಪಾಗಿ ಬರೆದಿಟ್ಟರು. ಕೊನೆಯ ಗುಂಪಿಗೆ ಇಟ್ಟ ಲ್ಯಾಟಿನ್ ಹೆಸರಿನ ಅರ್ಥ 'ಇನ್ನೂ ಕೆಟ್ಟವರು' ಎಂದು. ಎ, ಬಿ, ಸಿ ಅಕ್ಷರಗಳು 1897ರಲ್ಲಿ ಅಮೆರಿಕದ್ದೇ ಆದ ಮೌಂಟ್ ಹೋಲಿಯೋಕ್ ಕಾಲೇಜಿನಲ್ಲಿ ಬಂದವು. ಅಲ್ಲಿ ಆಗ 75ಕ್ಕಿಂತ ಕಡಿಮೆ ಬಂದರೆ ಫೇಲು. ಜರ್ಮನಿಯಲ್ಲಿ 1 ಬಂದರೆ ಮನೆಯಲ್ಲಿ ಸಂಭ್ರಮ, 6 ಬಂದರೆ ಗೋಳು. ಡೆನ್ಮಾರ್ಕ್‌ನ ಈಗಿನ ಪದ್ಧತಿಯಲ್ಲಿ ಅತಿ ಕೆಳಗಿನ ಗ್ರೇಡ್ ಮೈನಸ್ 3. ಇದನ್ನು ಕೇಳಿ ನನ್ನ ಮಕ್ಕಳು ನಕ್ಕಿದ್ದೇ ನಕ್ಕಿದ್ದು. "ಅಂದ್ರೆ ನಾವೇ ಅವರಿಗೆ ಮೂರು ಮಾರ್ಕ್ಸ್ ವಾಪಸ್ ಕೊಡ್ಬೇಕಾ ಮಿಸ್?"

ಆ ದಿನ ನಾನು ಪೇಪರ್ ಕೊಡಲಿಲ್ಲ. ಕಂತೆಯನ್ನು ವಾಪಸ್ ಬೀರುವಿಗೆ ಇಟ್ಟೆ. ಗುರುವಾರ ಕೊಡುತ್ತೇನೆ ಎಂದೆ. ಆ ಮೂರು ದಿನ ಇನ್ನೊಂದು ಕೆಲಸ ಮಾಡಿದೆ. ಪ್ರತಿ ಪೇಪರಿನ ಮೊದಲ ಪುಟದಲ್ಲಿ ಮೊತ್ತ ಬರೆದಿದ್ದ ಜಾಗಕ್ಕೆ ಒಂದು ಕಾಗದದ ತುಂಡು ಅಂಟಿಸಿ, ಒಳಗಿನ ಅಂಕಗಳನ್ನೂ ಮುಚ್ಚಿ, ಪಕ್ಕದಲ್ಲಿ ಎರಡು ಮೂರು ಸಾಲು ಬರೆದೆ. "ಎರಡನೇ ಪ್ಯಾರಾ ತುಂಬಾ ಚೆನ್ನಾಗಿದೆ, ಅಲ್ಲೇ ನಿಲ್ಲಿಸಬಹುದಿತ್ತು." "ಪ್ರಶ್ನೆ ಕೇಳಿದ್ದು ಯಾಕೆ ಎಂದು, ನೀನು ಬರೆದಿದ್ದು ಏನಾಯಿತು ಎಂದು." ಮಾರ್ಕ್ಸ್ ಶನಿವಾರ ಹೇಳುತ್ತೇನೆ ಎಂದೆ.

ಇದು ನನ್ನ ಸ್ವಂತ ಬುದ್ಧಿ ಅಲ್ಲ. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಇಸ್ರೇಲ್‌ನ ಶಾಲಾ ಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದವರು ಬರೀ ಟಿಪ್ಪಣಿ ಸಿಕ್ಕವರು. ಎರಡೂ ಸಿಕ್ಕವರಿಗೆ ಟಿಪ್ಪಣಿಯಿಂದ ಪ್ರಯೋಜನ ಆಗಲಿಲ್ಲ. ಅಂಕ ಕಣ್ಣಿಗೆ ಬಿದ್ದ ಮೇಲೆ ಅಕ್ಷರ ಓದುವವರು ಯಾರು? ನಾವೂ ಹಾಗೇ ಅಲ್ವಾ?

ಗುರುವಾರ ಏನಾಯಿತು ಅಂದರೆ, ಮೊದಲ ಐದು ನಿಮಿಷ ಎಲ್ಲರೂ ಪೇಪರ್ ಬೆಳಕಿಗೆ ಹಿಡಿದು ಅಂಟಿಸಿದ ತುಂಡಿನ ಒಳಗೆ ಇಣುಕುತ್ತಿದ್ದರು. ಒಬ್ಬ ಸರಿ ಗುರುತುಗಳನ್ನು ಎಣಿಸಿ ತಾನೇ ಮೊತ್ತ ಹಾಕಿಕೊಂಡ. ಆಮೇಲೆ ಬೇರೆ ದಾರಿ ಕಾಣದೆ ಓದಲು ಶುರುಮಾಡಿದರು. ಒಬ್ಬಳು ಎದ್ದು ಬಂದು, "ನೀವು ಈ ವಾಕ್ಯ ತಪ್ಪು ಅಂದಿದ್ದೀರಿ, ಹೀಗೆ ಓದಿದ್ರೆ ಸರಿ ಇದೆ ಮಿಸ್" ಎಂದು ಓದಿ ತೋರಿಸಿದಳು. ಅವಳು ಹೇಳಿದ್ದೇ ಸರಿ ಇತ್ತು. 19 ವರ್ಷದಲ್ಲಿ ಮಾರ್ಕ್ಸಿಗೆ ಜಗಳ ಆಡಿದವರು ನೂರಾರು ಜನ. ವಾಕ್ಯಕ್ಕೆ ಜಗಳ ಆಡಿದವಳು ಇವಳೇ ಮೊದಲು.

ಎಲ್ಲವೂ ಸುಸೂತ್ರವಾಗಿ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಇಬ್ಬರಿಗೆ ಈ ಕಾಯುವಿಕೆಯೇ ಹಿಂಸೆಯಾಯಿತು. ಒಬ್ಬ ಶುಕ್ರವಾರ ಶಾಲೆಗೇ ಬರಲಿಲ್ಲ. ತಾಯಿಯೊಬ್ಬರು ರಾತ್ರಿ ಫೋನ್ ಮಾಡಿ, "ಟಿಪ್ಪಣಿ ಎಲ್ಲಾ ಇರ್ಲಿ ಮಿಸ್, ಎಷ್ಟು ಬಂದಿದೆ ಅಷ್ಟು ಹೇಳಿ" ಎಂದರು. ಸ್ಟಾಫ್ ರೂಮಿನಲ್ಲಿ, ನಿಮಗೆ ಬೇರೆ ಕೆಲಸ ಇಲ್ಲವಾ ಎಂದವರೂ ಇದ್ದಾರೆ. ಅವರದೂ ತಪ್ಪಲ್ಲ. ನೂರಾರು ಪೇಪರ್ ತಿದ್ದುವವರಿಗೆ ಪ್ರತಿಯೊಂದಕ್ಕೂ ಮೂರು ಸಾಲು ಬರೆಯಿರಿ ಎಂದರೆ ಆಗುವ ಮಾತಲ್ಲ. ನಾನೂ ಒಂದೇ ತರಗತಿಗೆ ಮಾಡಿದ್ದು. ಎಂಟನೆಯವರಿಗೆ ಹಳೇ ರೀತಿಯಲ್ಲೇ ಕೊಟ್ಟೆ, ಗುರುವಾರದವರೆಗೆ ತಡೆದೆ ಅಷ್ಟೇ.

ಆದ್ದರಿಂದ ಶಾಲೆಗಳಿಗೆ ನನ್ನ ಕೋರಿಕೆ ಸಣ್ಣದು. ಟಿಪ್ಪಣಿ ಬರೆಯಲು ಆಗದಿದ್ದರೆ ಬಿಡಿ. ಉತ್ತರ ಪತ್ರಿಕೆಗಳನ್ನು ರಜೆಗೆ ಮೊದಲೇ ಕೊಟ್ಟು ಮುಗಿಸಿ. ಆಗದಿದ್ದರೆ ಶಾಲೆ ತೆರೆದ ಮೊದಲ ಮೂರು ದಿನ ಅವು ಬೀರುವಿನಲ್ಲೇ ಇರಲಿ. ಯಾವ ದಿನ ಕೊಡುತ್ತೀರಿ ಎಂಬುದನ್ನು ರಜೆಗೆ ಮೊದಲೇ ಬೋರ್ಡಿನ ಮೇಲೆ ಬರೆದುಬಿಡಿ. ಇದಕ್ಕೆ ಹಣ ಬೇಡ, ಸಮಿತಿ ಬೇಡ, ಯಾರ ಅಪ್ಪಣೆಯೂ ಬೇಡ. ಮೊದಲ ದಿನ ಮಕ್ಕಳು ಬರೀ ನಿದ್ದೆಗಣ್ಣಲ್ಲಿ ಬರಲಿ. ಅಷ್ಟನ್ನು ನಾವು ಸಹಿಸಿಕೊಳ್ಳಬಹುದು.

ಮೊನ್ನೆ ಒಂಬತ್ತನೆಯವರಿಗೆ ಇದನ್ನು ಹೇಳಿದೆ. ಮುಂದಿನ ರಜೆ ಮುಗಿದ ಮೇಲೂ ನನ್ನ ಪೇಪರ್ ಗುರುವಾರವೇ, ಅದಕ್ಕಿಂತ ಮೊದಲು ಯಾರೂ ಕೇಳಬೇಡಿ ಎಂದು. ತರಗತಿ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಮುಂದಿನ ಬೆಂಚಿನಿಂದ ಒಂದು ಕೈ ಎದ್ದಿತು.

"ಗುರುವಾರ ಬೆಳಿಗ್ಗೆನಾ ಮಿಸ್, ಮಧ್ಯಾಹ್ನನಾ?"

ಇಂತಿ,
ಒಬ್ಬ ಭಾಷಾ ಶಿಕ್ಷಕಿ